ಇಬ್ಬರೂ ಸೇರಿದರೆ

ಎರಡು ಮಂಚಗಳ ನಡುವೆ ಒಂದೇ ಆಕ್ಸಿಜನ್ ಸಿಲಿಂಡರ್. ಅದರಿಂದ ಎರಡು ಮೂಗಿಗೂ ಒಂದೊಂದು ಪೈಪು. ಈ ಕಡೆ ಲೆಕ್ಕದ ಮೇಷ್ಟ್ರು, ಆ ಕಡೆ ಅವರ ಹಳೇ ಶಿಷ್ಯ ಓಬಳೇಶ.

"ಹೊಸ ಸಿಲಿಂಡರ್ ಬರೋಕೆ ಇನ್ನೂ ಮೂರು ಗಂಟೆ ಬೇಕಂತೆ," ನರ್ಸ್ ಅಳುದನಿಯಲ್ಲಿ ಹೇಳಿದಳು. "ಇದು ಮೇಷ್ಟ್ರೊಬ್ಬರಿಗೇ ಆದ್ರೆ ಆರು ಗಂಟೆ ಬರುತ್ತೆ. ಓಬಳೇಶಣ್ಣನಿಗೆ ಜಾಸ್ತಿ ಬಿಡಬೇಕು, ಅವರೊಬ್ಬರಿಗೇ ಆದ್ರೆ ಮೂರು." ಮತ್ತೆ ಫೋನ್ ಹಿಡಿದು ಹೊರಗೆ ಓಡಿದಳು.

ಓಬಳೇಶ ಏದುಸಿರಲ್ಲೇ ಕೇಳಿದ: "ಇಬ್ಬರೂ ಸೇರಿದರೆ ಎಷ್ಟು ಹೊತ್ತು ಬರುತ್ತೆ ಮೇಷ್ಟ್ರೇ? ನನ್ನ ಮಗಳಿನ್ನೂ ಸಣ್ಣೋಳು."

ಮೇಷ್ಟ್ರ ತಲೆಯಲ್ಲಿ ಲೆಕ್ಕ ಆಗಲೇ ಮುಗಿದಿತ್ತು. ಎರಡೇ ಗಂಟೆ.

"ಆರಕ್ಕೆ ಮೂರು ಕೂಡಿದರೆ ಒಂಬತ್ತು," ಅಂದರು. "ಬೇಕಾದಷ್ಟಾಯ್ತು."

ಓಬಳೇಶನ ಮುಖ ಅರಳಿತು. "ಎಂಟನೇ ಕ್ಲಾಸಲ್ಲಿ ನಾನೂ ಹಿಂಗೇ ಕೂಡಿದ್ದೆ. ಬೆತ್ತದಲ್ಲಿ ಬಾರಿಸಿ ಸೊನ್ನೆ ಸುತ್ತಿದ್ರಿ."

"ನೀನು ಸರಿಯಾಗೇ ಬರೆದಿದ್ದೆ ಕಣೋ. ಈಗ ಮಲಗು."

ಅವನು ಕಣ್ಣು ಮುಚ್ಚಿದ ಮೇಲೆ ಮೇಷ್ಟ್ರು ಕೈ ಚಾಚಿ, ತಮ್ಮ ಪೈಪಿನ ತಿರುಪನ್ನು ಪೂರ್ತಿ ಮುಚ್ಚಿದರು.