ವಿಚಾರಿಸಲು ಬಂದವಳು

ಮಿಲ್ಲಿನ ಕಾರ್ಮಿಕರಿಗೆ ದಿನಾ ಮಧ್ಯಾಹ್ನದ ಊಟ ಕೊಡುವ ಮೂರು ವರ್ಷದ ಕರಾರು. ಸಹಿ ಹಾಕಿದ ಮೇಲೆ ನಡುವೆ ಬಿಡುವಂತಿಲ್ಲ. ಮದುವೆ, ಮುಂಜಿಗಳ ಅಡುಗೆಯನ್ನೇ ನಂಬಿದ್ದ ನಾಗವೇಣಿಗೆ ಇದು ಸಿಕ್ಕರೆ ಆಷಾಢದಲ್ಲೂ ಒಲೆ ಆರುವುದಿಲ್ಲ. ಆದರೂ ಮಿಲ್ಲಿನ ಸಾಹುಕಾರ ಎಂಥವನೋ ಎಂಬ ಅಳುಕಿಗೆ ಅವಳಿಗೆ ನಿದ್ದೆಯೇ ಬರುತ್ತಿರಲಿಲ್ಲ. ಕೊನೆಗೆ, ಈಗ ಅಲ್ಲಿಗೆ ಊಟ ಕೊಡುತ್ತಿದ್ದ ಗುಂಡಾಭಟ್ಟರ ಮನೆಗೇ ಹೋದಳು. ಸಹಿಗಾಗಿ ಬೆನ್ನು ಹತ್ತಿದ್ದ ಮಿಲ್ಲಿನ ಗುಮಾಸ್ತ ಅಲ್ಲಿಗೂ ಬಂದು, ಗೇಟಿನಾಚೆ ಬೈಕಿನ ಮೇಲೆ ಕೂತ.

“ಸಾಹುಕಾರ್ರು ಹೇಗೆ, ಭಟ್ರೇ?”

“ಬಂಗಾರದಂಥ ಮನುಷ್ಯ ಕಣಮ್ಮಾ.”

“ಊಟದ ವಿಷಯಕ್ಕೆ ಸುಮ್‌ಸುಮ್ನೆ ತಕರಾರು ತೆಗೀತಾರಾ?”

“ಛೆ ಛೆ! ಒಂದು ದಿನಾನೂ ಇಲ್ಲ.”

ಕುರ್ಚಿ ಕೊಟ್ಟರೂ ಅವಳಿಗೆ ಕೂರಲಾಗಲಿಲ್ಲ. ಜಗಲಿಯಲ್ಲೇ ಅತ್ತಿಂದಿತ್ತ ಓಡಾಡಿದಳು.

“ಅಷ್ಟು ಒಳ್ಳೆಯವರಾದ್ರೆ ನೀವ್ಯಾಕೆ ಬಿಡ್ತಿದ್ದೀರಿ?”

ಭಟ್ಟರು ತಲೆ ತಗ್ಗಿಸಿ ಮೊಣಕಾಲು ನೀವಿಕೊಂಡರು. “ವಯಸ್ಸಾಯ್ತಲ್ಲಮ್ಮಾ. ಒಲೆ ಮುಂದೆ ನಿಲ್ಲೋಕೆ ಆಗಲ್ಲ.”

ಅವಳ ಎದೆ ಹಗುರಾಯಿತು. ಗುಮಾಸ್ತನನ್ನು ಒಳಗೆ ಕರೆದು, ನಿಂತಲ್ಲೇ ಸಹಿ ಹಾಕಿಕೊಟ್ಟಳು. ಅವನು ಕಾಗದವನ್ನು ಜೇಬಿಗೆ ಸೇರಿಸಿ, ಬೈಕು ಹತ್ತಿ ಹೊರಟೇಹೋದ.

ಅಷ್ಟರಲ್ಲಿ ಭಟ್ಟರ ಹೆಂಡತಿ ಕಾಫಿ ಹಿಡಿದು ಬಂದರು. ಅವರ ಮುಖ ಹಿಗ್ಗಿನಿಂದ ಅರಳಿತ್ತು.

“ಒಪ್ಕೊಂಡ್ಯಾ? ನಿನ್ನ ಹೊಟ್ಟೆ ತಣ್ಣಗಿರ್ಲಿ ತಾಯಿ! ಇನ್ನೊಬ್ಬರನ್ನ ತಂದು ಒಪ್ಪಿಸೋ ತನಕ ಬಿಡೋದಿಲ್ಲ ಅಂತ ಆ ರಾಕ್ಷಸ ಇವರ ಪ್ರಾಣ ಹಿಂಡ್ತಿದ್ದ.”