ಎರೆಯುವ ಕೈ

ಊರಿನ ಕೂಸುಗಳನ್ನೆಲ್ಲ ಕಾಲ ಮೇಲೆ ಹಾಕಿಕೊಂಡು ನಲವತ್ತು ವರ್ಷ ನೀರೆರೆದವಳು ಚಂಪವ್ವ. ಇಸ್ತಾಂಬುಲ್ ನೋಡಲು ಬಂದಾಗ ಸೊಸೆ ವನಮಾಲಾ ಅವಳನ್ನು ಬಿಡದೆ ಹಮಾಮಿಗೆ, ಅಲ್ಲಿನ ಸಾರ್ವಜನಿಕ ಸ್ನಾನಗೃಹಕ್ಕೆ, ಎಳೆತಂದಳು.

ಬಾಗಿಲಲ್ಲೇ ಚಂಪವ್ವ ಸೆರಗು ಬಿಗಿಹಿಡಿದಳು. “ಮಂದೀ ಕೈಲೆ ಎರಸ್ಕೊಳ್ಳಾಕ ನಾ ಏನ್ ನಿನ್ನೆ ಹುಟ್ಟಿದ ಕೂಸೇನ?”

“ಒಂದ್ ತಾಸು ಸುಮ್ನ ಮಲಕೋರಿ ಅತ್ತಿ. ನನ್ನ ಮರ್ಯಾದಿ ಉಳಸ್ರಿ.”

ಬಿಸಿ ಅಮೃತಶಿಲೆಯ ಕಟ್ಟೆಯ ಮೇಲೆ ಇಬ್ಬರೂ ಟವೆಲ್ ಸುತ್ತಿಕೊಂಡು ಮಲಗಿದರು. ಮೀಯಿಸುವ ಕೆಲಸದ ದಡೂತಿ ಹೆಂಗಸರಿಬ್ಬರು ಒರಟು ಕೈಗವಸು ತೊಟ್ಟು ತಿಕ್ಕತೊಡಗಿದರು. ವನಮಾಲಾಳ ಮುಖ ನೊರೆಯಲ್ಲಿ ಮುಳುಗಿತು, ಕಣ್ಣು ಬಿಡುವಂತಿರಲಿಲ್ಲ. ಪಕ್ಕದಲ್ಲಿ ಅತ್ತೆಯ ದನಿ ಏರಿತು.

“ಹಿಂಗ ತಿಕ್ಕತಾರೇನ? ತಗಿ ಕೈ! ನೀರು ಸುಡಾಕತ್ತೈತಿ, ಮೊಣಕೈ ಅದ್ದಿ ನೋಡಬಾರದಾ?”

ಛಟೀರೆಂದು ಒಂದು ಏಟಿನ ಸದ್ದು. ಯಾರೋ ಕಿರುಚಿದರು.

“ಅತ್ತಿ, ಹೊಡೀಬ್ಯಾಡ್ರಿ!”

“ಅಳಬ್ಯಾಡ! ಕಣ್ಣ ಮುಚ್ಚು! ಮುಗೀತು, ಮುಗೀತು!”

ವನಮಾಲಾಳನ್ನು ತಿಕ್ಕುತ್ತಿದ್ದ ಕೈಗಳೂ ತಟ್ಟನೆ ನಿಂತವು. ಇನ್ನು ಪೊಲೀಸರೇ ಬರುತ್ತಾರೆಂದುಕೊಂಡು ಅವಳು ಮುಖದ ನೊರೆ ಒರೆಸಿಕೊಂಡು ಎದ್ದು ಕೂತಳು.

ಅತ್ತೆ ಕಾಲು ಚಾಚಿ ಕೂತಿದ್ದಳು. ಆ ಕಾಲುಗಳ ಮೇಲೆ ಅವಳನ್ನು ತಿಕ್ಕುತ್ತಿದ್ದ ದಡೂತಿ ಹೆಂಗಸು ಕೂಸಿನಂತೆ ಬೋರಲಾಗಿ ಮಲಗಿ, ಬೆನ್ನಿಗೆ ನೀರೆರೆಸಿಕೊಳ್ಳುತ್ತ ಕಿಲಕಿಲ ನಗುತ್ತಿದ್ದಳು.

ವನಮಾಲಾಳನ್ನು ತಿಕ್ಕುತ್ತಿದ್ದವಳು ಆಗಲೇ ಹೋಗಿ ಸರದಿಗೆ ನಿಂತಿದ್ದಳು.