ಗೋಧಿ ಹೊಲದ ಕಾಲುವೆ

"ಕಿನ್ಸಾಕಣ್ಣ, ನಿನ್ನ ಆಲೂಗಡ್ಡೆ ಹೊಲದ ನೀರು ನನ್ನ ಕರುಗಳ ಕೊಟ್ಟಿಗೆಗೆ ನುಗ್ತಾ ಇದೆ. ಹನ್ನೊಂದು ಕರು. ಎರಡಕ್ಕೆ ಇನ್ನೂ ಹೊಕ್ಕುಳು ಒಣಗಿಲ್ಲ." ಪಕ್ಕದ ಹೊಲದ ಓಜೆಕಿ ಮಳೆಯಲ್ಲೇ ಅಂಗಳದಲ್ಲಿ ನಿಂತಿದ್ದ. ಬೂಟಿನೊಳಗೂ ನೀರು ಹೋಗಿ, ಹೆಜ್ಜೆ ಎತ್ತಿದಾಗೆಲ್ಲ ಪಚಪಚ ಎನ್ನುತ್ತಿತ್ತು.

ಮುದುಕ ಕಿನ್ಸಾಕು ಮೆಟ್ಟಿಲು ಇಳಿಯಲಿಲ್ಲ. "ಮಳೆ ನಾನು ಸುರಿಸಿದ್ನೇನಪ್ಪಾ? ಕರುಗಳನ್ನ ದೊಡ್ಡ ಕೊಟ್ಟಿಗೆಗೆ ಹೊಡ್ಕೊಂಡು ಹೋಗು."

"ಆ ದಾರಿನೇ ಈಗ ಹೊಳೆ. ಮತ್ತೆ ಮಳೆ ಅಂತೀಯ, ಮಳೆ ಎಲ್ಲರ ಹೊಲಕ್ಕೂ ಬಿದ್ದಿದೆ. ನನ್ನ ಹೊಲ ಕುಡೀತಿದೆ, ನಿಂದು ಉಗೀತಿದೆ. ನೆಲಾನ ಎಷ್ಟಾಳ ಹೆಪ್ಪುಗಟ್ಟಿಸಿದ್ದೀಯ ಹೇಳು."

ಎಷ್ಟಾಳ ಎಂದು ಕಿನ್ಸಾಕುವಿಗೆ ಚೆನ್ನಾಗಿ ಗೊತ್ತಿತ್ತು. ಜಪಾನಿನ ಉತ್ತರದ ಈ ತೊಕಾಚಿ ಬಯಲಿನಲ್ಲಿ ಆಲೂಗಡ್ಡೆ ಅಗೆದ ಮೇಲೂ ಮಣ್ಣಿನಲ್ಲಿ ಉಳಿದುಬಿಡುವ ಪುಡಿಗಡ್ಡೆಗಳು ಮರುವರ್ಷದ ಬೆಳೆಯ ನಡುವೆ ಕಳೆಯಾಗಿ ಏಳುತ್ತವೆ. ಅವನ್ನು ಕೊಲ್ಲಲು ಜನವರಿಯಲ್ಲಿ ಟ್ರ್ಯಾಕ್ಟರಿನಿಂದ ಹಿಮವನ್ನು ಪಟ್ಟೆಪಟ್ಟೆಯಾಗಿ ಸರಿಸಿ ಬರಿನೆಲಕ್ಕೆ ಚಳಿ ಕುಡಿಸುತ್ತಾರೆ. ಒಂದಡಿ ಹೆಪ್ಪುಗಟ್ಟಿತೋ, ಹಿಮವನ್ನು ಮತ್ತೆ ಹೊದಿಸಿಬಿಡಬೇಕು. ಸೊಸೆ ಶಿಹೋ ದಿನವೂ ನೆಲಕ್ಕೆ ಹೂತಿದ್ದ ನೀಲಿನೀರಿನ ಕೊಳವೆಯನ್ನು ಎಳೆದು, ನೀರು ಹೆಪ್ಪುಗಟ್ಟಿ ಎಲ್ಲಿಯವರೆಗೆ ಬಣ್ಣ ಕಳೆದಿದೆ ಎಂದು ಅಳೆಯುತ್ತಿದ್ದಳು. "ಒಂದಡಿ ಆಯ್ತು ಮಾವ, ಹೊದಿಸೋಣ" ಅಂದಿದ್ದಳು. ಹಿಂದಿನ ಜೂನ್ ಪೂರ್ತಿ ಬೆನ್ನು ಬಗ್ಗಿಸಿ ಕಳೆ ಕಿತ್ತಿದ್ದ ಸಿಟ್ಟು ಕಿನ್ಸಾಕುವಿಗೆ. "ಕೊಳವೆ ನೋಡ್ಕೊಂಡು ಬೇಸಾಯ ಮಾಡೋಕಾಗುತ್ತಾ? ಇನ್ನೂ ಹತ್ತು ದಿನ ಬಿಡು" ಅಂದಿದ್ದ. ಹತ್ತು ದಿನದಲ್ಲಿ ಅದು ಎರಡಡಿಗೆ ಇಳಿದಿತ್ತು. ಹಿಮ ಕರಗುವ ಕಾಲ ಬಂದರೂ ಈಗ ಆ ಹೊಲ ಹೆಂಚಿನಷ್ಟು ಗಟ್ಟಿ. ಕರಗಿದ ಹಿಮ, ಅದರ ಮೇಲೆ ಎರಡು ದಿನದ ಮಳೆ, ಒಂದು ಹನಿಯೂ ಒಳಗಿಳಿಯದೆ ಜಾರಿ ಓಜೆಕಿಯ ಕಡೆಗೆ ಹರಿಯುತ್ತಿತ್ತು.

ಶಿಹೋ ಕೈಗವಸು ಹಾಕಿಕೊಳ್ಳುತ್ತ ಹೊರಗೆ ಬಂದಳು. ಅವಳ ಗಂಡ ಬೆಳಗ್ಗೆಯೇ ಊರಿನ ಸ್ವಯಂಸೇವಕರ ದಳದ ಜೊತೆ ಹೊಳೆಯ ಏರಿ ಕಾಯಲು ಹೋಗಿದ್ದ. "ತಪ್ಪು ನನ್ನದು ಓಜೆಕಿಯವರೇ. ಕೊಳವೆ ನೋಡೋ ಕೆಲಸ ನಂದು. ಸರಿಯಾಗಿ ಓದಲಿಲ್ಲ" ಎಂದಳು. ಆಮೇಲೆ ಮಾವನ ಕಡೆ ತಿರುಗಿದಳು. "ನಮ್ಮ ಗೋಧಿ ಹೊಲದ ನಡುವೆ ಕಾಲುವೆ ಸೀಳಿದರೆ ನೀರು ನೇರ ತೊರೆಗೆ ಬೀಳುತ್ತೆ ಮಾವ. ರಸ್ತೆ ಪಕ್ಕ ಎಲ್ಲ ಹೆಪ್ಪುಗಟ್ಟಿ ಕಲ್ಲಾಗಿದೆ, ಅಗೆಯೋಕಾಗಲ್ಲ. ಗೋಧಿಯ ಮೇಲೆ ಹಿಮ ಹಾಗೇ ಇತ್ತಲ್ಲ, ಕೆಳಗೆ ಮಣ್ಣು ಮೆತ್ತಗಿದೆ."

"ಕೆಳಗಿನ ಅರ್ಧ ಗೋಧಿ ಕೊಳೆಯುತ್ತೆ."

"ಕೊಳೆಯುತ್ತೆ. ಹೊಲ ನಿಮ್ಮದು. ನೀವು ಹೂಂ ಅನ್ಬೇಕು."

ಓಜೆಕಿ ಮೂಗಿನಿಂದ ಇಳಿಯುತ್ತಿದ್ದ ನೀರನ್ನು ತೋಳಿನಿಂದ ಒರೆಸಿಕೊಂಡ. "ಒಸಾಕಾದಿಂದ ಬಂದವಳ ಕೈಗೆ ಕೊಳವೆ ಕೊಟ್ರೆ ಇನ್ನೇನಾಗುತ್ತೆ. ಪೇಟೆಯವರಿಗೆ ಫ್ರಿಜ್ಜಿನ ಐಸೇ ಗೊತ್ತಿರೋದು" ಎಂದ.

ಕಿನ್ಸಾಕು ಈಗ ಮೆಟ್ಟಿಲಿಳಿದ. ಓಜೆಕಿಯ ಮುಖಕ್ಕೆ ಮುಖ ಕೊಟ್ಟು ನಿಂತ.

"ಅವಳು ಸರಿಯಾಗೇ ಓದಿದ್ಲು. ಒಂದಡಿ ಆಯ್ತು, ಸಾಕು ಅಂತ ಹೇಳಿದ್ಲು. ಬಿಡು ಅಂದ ಕತ್ತೆ ನಾನು. ಬೈಯೋದಿದ್ರೆ ಈ ಕಡೆ ತಿರುಗಿ ಬೈಯಿ." ಆಮೇಲೆ ಕಿನ್ಸಾಕು ಸೊಸೆಗೆ ಹೇಳಿದ, "ಯಂತ್ರ ತೆಗಿ. ತೊರೆಯಿಂದ ಶುರು ಮಾಡ್ಕೊಂಡು ಮೇಲಕ್ಕೆ ಬಾ. ಎಲ್ಲಿಗೆ ಬರಬೇಕೋ ಅಲ್ಲಿ ನಾನು ನಿಂತಿರ್ತೀನಿ."

ಅಗೆಯುವ ಯಂತ್ರ ಹಿಂದೆ ಹಿಂದೆ ಸರಿಯುತ್ತ ಕಾಲುವೆ ತೆಗೆಯಬೇಕು. ಗುರಿ ಯಾವಾಗಲೂ ಬೆನ್ನ ಹಿಂದೆ. ಕಿನ್ಸಾಕು ಹೊಲದ ಮೇಲಂಚಿನಲ್ಲಿ, ನೀರು ಓಜೆಕಿಯ ಕಡೆಗೆ ತಿರುಗಿಕೊಳ್ಳುವ ಜಾಗದಲ್ಲಿ, ಮೊಣಕಾಲುದ್ದ ಹಿಮದ ರಾಡಿಯೊಳಗೆ ಕಾಲೂರಿ ನಿಂತ. ಶಿಹೋ ಕತ್ತು ಹೊರಳಿಸಿ ಒಮ್ಮೆ ಅವನನ್ನು ನೋಡುವಳು, ಮುಂದೆ ತಿರುಗಿ ಒಂದು ಬಕೆಟ್ ಮಣ್ಣೆತ್ತುವಳು, ಮತ್ತೆ ಕತ್ತು ಹೊರಳಿಸುವಳು. ಬಿಳಿ ಹಿಮ, ಅದರ ಕೆಳಗೆ ಗೋಧಿಯ ಹಸಿರು, ಅದರ ಕೆಳಗೆ ಕರಿಮಣ್ಣು, ಎಲ್ಲ ಒಟ್ಟಿಗೆ ಬದಿಗೆ ಬೀಳುತ್ತಿದ್ದವು. ಮೊದಮೊದಲು ಕಿನ್ಸಾಕು ಬದಿಗೆ ಬಿದ್ದ ಪ್ರತಿ ಬಕೆಟ್ ಗೋಧಿಯನ್ನೂ ಎಣಿಸುತ್ತಿದ್ದ. ಆಮೇಲೆ ಚಳಿಗೆ ಮರಗಟ್ಟಿ ಕಾಲೇ ಇದ್ದಂತಿರಲಿಲ್ಲ. ಓಜೆಕಿ ಎರಡು ಸಲ ಬಂದು, "ನಾನು ನಿಲ್ತೀನಿ, ನೀನು ಬೆಚ್ಚಗಿರು ಹೋಗು" ಎಂದ. "ನೀನು ಅಲ್ಲಾಡ್ತೀಯ. ಕರು ನೋಡ್ಕೊ ಹೋಗು" ಎಂದು ಕಿನ್ಸಾಕು ಕಳಿಸಿದ.

ಮೂರನೆಯ ಗಂಟೆಯಲ್ಲಿ ಯಂತ್ರ ಅವನ ಎದುರಿಗೇ ಬಂದು ನಿಂತಿತು. ಅವನು ಪಕ್ಕಕ್ಕೆ ಸರಿದ. ಕೊನೆಯ ಬಕೆಟ್ ಎದ್ದಿತು. ನೀರು ಒಂದು ಕ್ಷಣ ಅನುಮಾನಿಸಿ, ಆಮೇಲೆ ಗೋಧಿಯ ಪೈರನ್ನು ಹೊತ್ತುಕೊಂಡೇ ಧುಮುಕಿತು. ಕಾಲುವೆಯ ತುದಿಯಲ್ಲಿ ತೊರೆ ಅದನ್ನು ನುಂಗಿಕೊಂಡಿತು.

ಓಜೆಕಿ ಕೊಟ್ಟಿಗೆಯ ಕಡೆಯಿಂದ ಬಂದ. "ನೀರು ಇಳೀತಾ ಇದೆ. ಹನ್ನೊಂದೂ ಎದ್ದು ನಿಂತಿವೆ." ಟೋಪಿ ತೆಗೆದು, ಮೊದಲು ಶಿಹೋಗೆ ತಲೆ ಬಾಗಿಸಿದ, ಆಮೇಲೆ ಕಿನ್ಸಾಕುವಿಗೆ. "ಅಣ್ಣ, ನಿನ್ನ ಗೋಧಿ…"

ಕಿನ್ಸಾಕು ಅವನ ತೋಳು ಹಿಡಿದು ತಾನು ನಿಂತಿದ್ದ ಜಾಗಕ್ಕೆ ಎಳೆದು ನಿಲ್ಲಿಸಿದ. "ಗೋಧಿ ಬಿಡು. ಒಂದು ಕಣ್ಣು ಮುಚ್ಚಿ ಇಲ್ಲಿಂದ ನೋಡು" ಎಂದ. "ನೂರೈವತ್ತು ಮೀಟರ್. ಹಿಂದೆ ಹಿಂದೆ ಬಂದು ಇವಳು ಹೊಡೆದಿರೋದು. ಎಲ್ಲಾದರೂ ಒಂದು ಗೇಣು ಸೊಟ್ಟ ಇದ್ರೆ ತೋರಿಸು."